ಒಂದೇ ಹಿಡಿಯ ಷವರ್: ಮೈ ಸುಡದಂತೆ ಕಾಯುವುದು ಹೇಗೆ?

ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಡುವ ತಾಯಂದಿರು ಮೆಂತ್ಯದ ಹಿಟ್ಟು, ಅಂಟಿನುಂಡೆ, ಸಾರಿನ ಪುಡಿ ಅಂತ ಪೆಟ್ಟಿಗೆ ತುಂಬಿಸುತ್ತಾರೆ. ಅಲ್ಲಿಯ ಬಚ್ಚಲುಮನೆಯ ವಿಷಯ ಮಾತ್ರ ಯಾರೂ ಹೇಳಿ ಕಳಿಸುವುದಿಲ್ಲ. ಹೋಗಿ ನೋಡಿದರೆ ಎಷ್ಟೋ ಮನೆಗಳಲ್ಲಿ ಗೋಡೆಯ ಮೇಲೆ ಒಂದೇ ಹಿಡಿ! ಸಾಮಾನ್ಯವಾಗಿ ಅದನ್ನು ಎಡಕ್ಕೆ ತಿರುಗಿಸುತ್ತ ಹೋದರೆ ಮೊದಲು ತಣ್ಣೀರು, ಆಮೇಲೆ ಉಗುರುಬೆಚ್ಚಗೆ, ಕೊನೆಗೆ ಬಿಸಿನೀರು. ನೀರು ಸಣ್ಣಗೆ ಬರಲಿ ಅಂತ ಹಿಂದಕ್ಕೆ ತಿರುಗಿಸಿದಿರೋ, ನೀರು ಕಡಿಮೆಯಾಗುವುದಿಲ್ಲ, ತಣ್ಣಗಾಗುತ್ತದೆ. ಹಿಡಿ ಕೆಟ್ಟಿದೆ ಅಂದುಕೊಳ್ಳಬೇಡಿ, ಅದರ ರೀತಿಯೇ ಹಾಗೆ.

ಈ ಹಿಡಿಯ ಹಿಂದೆ ಪ್ರೆಷರ್ ಬ್ಯಾಲೆನ್ಸಿಂಗ್ ವಾಲ್ವು ಅನ್ನುವ ಸಾಧನವಿದೆ. ನೀವು ಸ್ನಾನ ಮಾಡುತ್ತಿರುವಾಗ ಇನ್ನೊಂದು ಕಡೆ ಯಾರೋ ಕಕ್ಕಸಿನ ಫ್ಲಷ್ ಎಳೆದರೆ ತಣ್ಣೀರು ಅತ್ತ ಹರಿದುಹೋಗಿ, ನಿಮ್ಮ ಕೊಳಾಯಿಯಲ್ಲಿ ಅದರ ಒತ್ತಡ ತಗ್ಗುತ್ತದೆ. ಬಿಸಿನೀರು ಮಾತ್ರ ಮೊದಲಿನ ಜೋರಿನಲ್ಲೇ ಬಂದು ಮೈಮೇಲೆ ಬೀಳಬೇಕು. 60 ಡಿಗ್ರಿ ಸೆಲ್ಸಿಯಸ್ ನೀರಿಗೆ ದೊಡ್ಡವರ ಚರ್ಮ ಸುಡಲು ಐದಾರು ಸೆಕೆಂಡು ಸಾಕು. ಮಕ್ಕಳಿಗೆ ಅಷ್ಟೂ ಬೇಡ. ವಯಸ್ಸಾದವರು ಬೆಚ್ಚಿ ಹಿಂದೆ ಸರಿದು ಜಾರಿ ಬೀಳುವ ಭಯ ಬೇರೆ.

ಇದನ್ನು ತಡೆಯುವ ಉಪಾಯ ಬಹಳ ಸರಳ. ವಾಲ್ವಿನೊಳಗೆ ಮಗ್ಗದ ಲಾಳಿಯಂತೆ ಅತ್ತಿತ್ತ ಸರಿಯುವ ಪುಟ್ಟ ತುಂಡೊಂದಿದೆ. (ಕೆಲವು ಮಾದರಿಗಳಲ್ಲಿ ಅದರ ಬದಲು ರಬ್ಬರ್ ಪದರವಿರುತ್ತದೆ.) ಅದರ ಒಂದು ಬದಿಗೆ ಬಿಸಿನೀರು, ಇನ್ನೊಂದು ಬದಿಗೆ ತಣ್ಣೀರು ಒತ್ತುತ್ತಿರುತ್ತವೆ. ತಣ್ಣೀರಿನ ಒತ್ತಡ ತಗ್ಗಿತೋ, ಬಿಸಿನೀರೇ ಲಾಳಿಯನ್ನು ಆಚೆ ತಳ್ಳುತ್ತದೆ. ಹಾಗೆ ಸರಿದ ಲಾಳಿ ಬಿಸಿನೀರಿನ ಕಂಡಿಯನ್ನೇ ಕಿರಿದು ಮಾಡಿಬಿಡುತ್ತದೆ! ತಣ್ಣೀರು ಪೂರಾ ನಿಂತರೆ ಬಿಸಿನೀರೂ ಹೆಚ್ಚುಕಡಿಮೆ ನಿಂತಂತೆಯೇ. ಷವರ್ ಸ್ವಲ್ಪ ಸಣ್ಣಗಾಗಬಹುದು, ಬಿಸಿ ಮಾತ್ರ ಹೆಚ್ಚು ಬದಲಾಗದು.

ಆದರೆ ಲಾಳಿಗೆ ತಿಳಿಯುವುದು ಒತ್ತಡ, ಬಿಸಿಯಲ್ಲ. ಹಿಡಿಯನ್ನು ನೀವೇ ಕೊನೆವರೆಗೆ ತಿರುಗಿಸಿದರೆ ಅದೇನೂ ಅಡ್ಡ ಬರುವುದಿಲ್ಲ. ಹಾಗಾಗಿ ಹಿಡಿ ತೀರಾ ತಿರುಗದಂತೆ ಒಳಗೊಂದು ತಡೆ ಇಟ್ಟಿರುತ್ತಾರೆ. ನೀರು 49 ಡಿಗ್ರಿ ಮೀರದಂತೆ ಅದನ್ನು ಸರಿಮಾಡಿದೆಯೇ ಅಂತ ಅಳಿಯಂದಿರನ್ನು ಕೇಳಿ, ಸಂಕೋಚ ಬೇಡ. ಚಳಿಗಾಲದಲ್ಲಿ ಕೊಳಾಯಿಯ ನೀರು ಇನ್ನೂ ತಣ್ಣಗಾದಾಗ ನಿನ್ನೆಯ ಗುರುತಿಗೇ ಹಿಡಿ ತಿರುಗಿಸಿದರೂ ಹದ ತಪ್ಪುತ್ತದೆ. ಬಿಸಿಯನ್ನೇ ಗಮನಿಸುವ ಥರ್ಮೋಸ್ಟಾಟಿಕ್ ವಾಲ್ವು ಬೇರೆ ಇದೆ, ಬೆಲೆ ಸಾಮಾನ್ಯವಾಗಿ ಹೆಚ್ಚು. ಯಾವುದೇ ಇರಲಿ, ಮಗುವನ್ನು ಹರಿಯುವ ನೀರಿನ ಕೆಳಗೆ ಹಿಡಿಯಬೇಡಿ. ಬಕೆಟ್ಟಿನಲ್ಲಿ ಮೊದಲು ತಣ್ಣೀರು, ಮೇಲೆ ಬಿಸಿನೀರು ಬೆರೆಸಿ, ಮೊಳಕೈ ಅದ್ದಿ ನೋಡಿ.

ನಮ್ಮೂರಿನ ಮನೆಗೂ ಇಂಥದ್ದು ಹಾಕಿಸೋಣವೇ ಅಂದರೆ, ನನ್ನ ಕೇಳಿದರೆ ಆತುರ ಬೇಡ. ತಾರಸಿ ಟ್ಯಾಂಕಿನ ನೀರಿಗೆ ಅಷ್ಟು ಒತ್ತಡ ಇರುವುದಿಲ್ಲ, ಷವರ್ ತೊಟ್ಟಿಕ್ಕೀತು. ಅದಕ್ಕಿಂತ ಟ್ಯಾಂಕಿನಿಂದ ಬಚ್ಚಲಿನ ತಣ್ಣೀರಿಗೆ ಬೇರೆ ಪೈಪು ಎಳೆಸಿ. ಅಡುಗೆಮನೆ ನಲ್ಲಿ ತಿರುಗಿಸಿದಾಗ ಸ್ನಾನದವರು ಕೂಗಿಕೊಳ್ಳುವುದು ತಪ್ಪುತ್ತದೆ. ಪಂಪಿನ ಒತ್ತಡವಿರುವ ಮನೆಯವರು ಹಾಕಿಸಿದ್ದರೆ ಗಡಸುನೀರಿನ ಬಗ್ಗೆ ಎಚ್ಚರ: ಸುಣ್ಣ ಕಟ್ಟಿ ಲಾಳಿ ಹಿಡಿದುಕೊಳ್ಳುತ್ತದೆ. ಪ್ಲಂಬರ್ ಅದನ್ನು ಹೊರತೆಗೆದಾಗ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ. ಟಕ್ ಟಕ್ ಅಂದರೆ ಚೆನ್ನಾಗಿದೆ. ಸದ್ದಿಲ್ಲದಿದ್ದರೆ ವಿನಿಗರ್‌ನಲ್ಲಿ ನೆನೆಹಾಕಬೇಕು, ಆಗಲೂ ಸಡಿಲವಾಗದಿದ್ದರೆ ಹೊಸದು ಕೊಳ್ಳಬೇಕು.