ನಿಮಗಿದು ಗೊತ್ತೆ? ವಾರದಲ್ಲೇ ಮಾತು ಬದಲಿಸಿದ ವಿಮರ್ಶಕ

1967ರಲ್ಲಿ ‘ಬಾನಿ ಆ್ಯಂಡ್ ಕ್ಲೈಡ್’ ಚಿತ್ರ ತೆರೆಕಂಡಾಗ ಅಮೆರಿಕದ ‘ನ್ಯೂಸ್‌ವೀಕ್’ ಪತ್ರಿಕೆಯ ವಿಮರ್ಶಕ ಜೋ ಮಾರ್ಗನ್‌ಸ್ಟರ್ನ್ ಅದನ್ನು ಕಟುವಾಗಿ ಹಳಿದರು. ಮತ್ತೆ ಥಿಯೇಟರಿಗೆ ಹೋಗಿ ಜನರ ನಡುವೆ ಕುಳಿತು ನೋಡಿದವರು, ಮುಂದಿನ ವಾರವೇ ತಮ್ಮ ವಿಮರ್ಶೆ ತಪ್ಪೆಂದು ಅದೇ ಪತ್ರಿಕೆಯಲ್ಲಿ ಬರೆದರು. ಹೀಗೆ ಮಾತು ಬದಲಿಸುವವರ ಅಭಿಪ್ರಾಯಕ್ಕೆ ಏನು ಬೆಲೆ ಎಂದು ಕೇಳಬಹುದು. ಆದರೆ ಆ ಚಿತ್ರದ ಸ್ವಭಾವವೇ ಅಂಥದ್ದು. ಬ್ಯಾಂಕ್ ದೋಚಿ ಓಡಬೇಕಾದ ಹೊತ್ತಿಗೆ ಕಾರನ್ನು ಇಕ್ಕಟ್ಟಿನಲ್ಲಿ ನಿಲ್ಲಿಸಿಕೊಂಡ ಚಾಲಕನ ಪೇಚಾಟ ಕಂಡು ನಗು ಬರುತ್ತದೆ. ಮರುಕ್ಷಣ ಕಾರಿಗೆ ಜೋತುಬಿದ್ದ ಬ್ಯಾಂಕಿನವನ ಮುಖಕ್ಕೆ ಕಿಟಕಿಯಿಂದಲೇ ಗುಂಡು. ಆ ನಗು ಗಂಟಲಲ್ಲೇ ಸಿಕ್ಕಿಕೊಳ್ಳುವುದು ತುಂಬಿದ ಥಿಯೇಟರಿನಲ್ಲಿ ಹೆಚ್ಚು ಅರಿವಿಗೆ ಬರುವಂಥದ್ದು. ಎರಡನೇ ಸಲ ನೋಡಿ ಒಪ್ಪಿಕೊಂಡದ್ದು ಪ್ರಾಮಾಣಿಕತೆಯೇ ಹೊರತು ಚಂಚಲತೆಯಲ್ಲ.

‘ನ್ಯೂಯಾರ್ಕ್ ಟೈಮ್ಸ್’ನ ಬಾಸ್ಲಿ ಕ್ರೌದರ್ ಮಾತ್ರ, ಹಿಂಸೆಯನ್ನು ತಮಾಷೆ ಮಾಡಲಾಗಿದೆ ಎಂಬ ನಿಲುವು ಬಿಡದೆ ಮತ್ತೆ ಮತ್ತೆ ಬರೆದರು. ಅವರನ್ನು ಹಳೇ ಕಾಲದವರೆಂದು ತಳ್ಳಿಹಾಕುವುದು ಅನ್ಯಾಯ. ಇಟಲಿಯ ನವವಾಸ್ತವವಾದಿ ಚಿತ್ರಗಳನ್ನು ಅಮೆರಿಕದಲ್ಲಿ ಎತ್ತಿಹಿಡಿದವರಲ್ಲಿ ಅವರೂ ಒಬ್ಬರು. ಆಕ್ಷೇಪದಲ್ಲಿ ಹುರುಳಿತ್ತು, ನಗುವಿನ ಬೆನ್ನಿಗೇ ಬರುವ ಬೆಚ್ಚುವಿಕೆಯನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ, ಅಷ್ಟೇ. ಈ ವಾದವಿವಾದದ ನಡುವೆಯೂ ಚಿತ್ರ 10 ಆಸ್ಕರ್ ನಾಮನಿರ್ದೇಶನ ಪಡೆದು 2 ಪ್ರಶಸ್ತಿ ಗೆದ್ದಿತು.