ಗೋಡೆ ಕೊರೆಯುವ ಧೂಳು: ಕೆಮ್ಮು ಬಂದರೆ ಡಾಕ್ಟರಿಗೆ ಕೆಲಸ ಯಾವುದೆಂದು ಹೇಳಿ

ಪಿಂಪಳಗಾಂವ್ ಬಸವಂತ್, ನಾಶಿಕ್, ಸಂಭಾಜಿನಗರದ ಕಡೆ ಕಟ್ಟಡ ಕೆಲಸಕ್ಕೆ ಬಂದಿರುವ ನಮ್ಮ ಕುಟುಂಬಗಳಿಗಾಗಿ ಈ ಸಲದ ಆರೋಗ್ಯ ಮಾತು. ವೈರಿಂಗ್ ಪೈಪು ಕೂರಿಸಲು ಕಟರ್ ಹಿಡಿದು ಗೋಡೆ ಕೊರೆಯುತ್ತಾರಲ್ಲ, ಹಿಂದಿಯವರು ಝಿರಿ ಅನ್ನುತ್ತಾರಲ್ಲ, ಆ ಕೆಲಸದ ಬಗ್ಗೆ.

ಇಟ್ಟಿಗೆ, ಮರಳು, ಗಿಲಾವು, ಕಾಂಕ್ರೀಟ್ ಎಲ್ಲದರಲ್ಲೂ ಸಿಲಿಕಾ ಇದೆ. ಕಟರ್ ತಿರುಗಿದಾಗ ಅದು ಹಿಟ್ಟಿಗಿಂತ ಸಣ್ಣಗಾಗುತ್ತದೆ. ಕಣ್ಣಿಗೆ ಕಾಣುವ ದಪ್ಪ ಧೂಳು ಮೂಗಿನಲ್ಲೇ ನಿಲ್ಲುತ್ತದೆ. ಕಾಣದ ಧೂಳು ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲೇ ಗಾಯ ಮಾಡಿ ಗಂಟು ಕಟ್ಟುತ್ತದೆ. ಇದೇ ಸಿಲಿಕೋಸಿಸ್. ಇದನ್ನು ವಾಸಿ ಮಾಡುವ ಔಷಧಿ ಇಲ್ಲ. ಸಾಮಾನ್ಯವಾಗಿ ಹತ್ತು ವರ್ಷದ ಮೇಲೆ ಕಾಣಿಸುತ್ತದೆ, ಧೂಳು ವಿಪರೀತವಾದರೆ ಬೇಗನೇ ಬರುತ್ತದೆ.

ಎಷ್ಟು ಧೂಳು ಹೆಚ್ಚು? ಅಮೆರಿಕ 2016ರಲ್ಲಿ ಮಾಡಿದ ನಿಯಮದಲ್ಲಿ ಎಂಟು ಗಂಟೆಯ ಕೆಲಸಕ್ಕೆ ಸರಾಸರಿ ಮಿತಿ ಒಂದು ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಗೆ ಲೆಕ್ಕ ಹಾಕಿದರೆ ಒಂದೂವರೆ ಮಿಲಿಗ್ರಾಂ ಕೂಡ ಆಗುವುದಿಲ್ಲ. ಒಂದು ಚಿಟಿಕೆ ಉಪ್ಪಿನ ನೂರನೇ ಒಂದು ಪಾಲಿಗಿಂತ ಕಡಿಮೆ! ಬಾಗಿಲು ಮುಚ್ಚಿ ಒಣಗೋಡೆ ಕೊರೆದರೆ ಇದನ್ನು ದಾಟಲು ಎಷ್ಟು ಹೊತ್ತು ಬೇಕು, ನೀವೇ ಹೇಳಿ.

ನಮ್ಮವರಿಗೆ ಈ ಕಾಯಿಲೆ ಹೊಸದಲ್ಲ. ಭಾರತದಲ್ಲಿ ಇದು ಮೊದಲು ವರದಿಯಾದದ್ದೇ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, 1934ರಲ್ಲಿ. ಅಲ್ಲಿ ಕಲ್ಲು, ಇಲ್ಲಿ ಗೋಡೆ. ಧೂಳು ಒಂದೇ.

ಬೆಲ್ಲ ತಿಂದರೆ ಧೂಳು ಇಳಿದುಹೋಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಕೂತಿರುವುದು ಶ್ವಾಸಕೋಶದಲ್ಲಿ. ಮುಖಕ್ಕೆ ಸುತ್ತುವ ಟವೆಲ್ಲೂ ಅಷ್ಟೇ, ಸಣ್ಣ ಧೂಳು ಅದರಿಂದ ಸಲೀಸಾಗಿ ನುಸುಳುತ್ತದೆ. ಎನ್95 ಅಥವಾ ಎಫ್‌ಎಫ್‌ಪಿ2 ಮಾಸ್ಕ್ ಬೇಕು, ಮೂಗಿನ ಪಟ್ಟಿ ಒತ್ತಿ ಹಾಕಬೇಕು. ಗಡ್ಡ ಇದ್ದರೆ ಅಂಚಿನಿಂದ ಗಾಳಿ ಸೋರುತ್ತದೆ.

ಮಾಸ್ಕಿಗಿಂತ ಮೊದಲು ಧೂಳೇ ಏಳದಂತೆ ನೋಡಿ. ಧೂಳು ಎಳೆಯುವ ವ್ಯಾಕ್ಯೂಮ್ ಜೋಡಿಸಿದ ವಾಲ್ ಚೇಸರ್ ಬಾಡಿಗೆಗೆ ಸಿಕ್ಕರೆ ಅದೇ ಉತ್ತಮ. ಇಲ್ಲದಿದ್ದರೆ ಎರಡು ಗೆರೆ ಮಾತ್ರ ಕಟರ್‌ನಿಂದ ಎಳೆದು, ನಡುವಿನದ್ದನ್ನು ಉಳಿ ಸುತ್ತಿಗೆಯಿಂದ ತೆಗೆಯಿರಿ. ಮೊದಲೇ ಗೋಡೆಗೆ ನೀರು ಸಿಂಪಡಿಸಿ. ಆದರೆ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆದ ಪಂಪು ಬೇಡವೇ ಬೇಡ, ಅದರಲ್ಲಿ ವಿಷ ಉಳಿದಿರುತ್ತದೆ. ಹಳೆ ಮನೆಯಾದರೆ ಗೋಡೆಯೊಳಗಿನ ವೈರಿಗೆ ಮೇನ್ ಆಫ್ ಮಾಡಿ. ಕಟರ್‌ಗೆ ಬೇರೆ ಕಡೆಯಿಂದ ಕರೆಂಟ್ ತಂದರೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲಿ. ಒದ್ದೆ ಕೈಯಲ್ಲಿ ಕಟರ್ ಮುಟ್ಟಬೇಡಿ.

ತಾಯಂದಿರಿಗೆ ಒಂದು ಮಾತು. ಕೊರೆಯುತ್ತಿರುವ ಮನೆಯೊಳಗೆ ಮಗುವಿನ ಜೋಲಿ ಕಟ್ಟಬೇಡಿ, ಪಕ್ಕದ ಕೋಣೆಯೂ ಬೇಡ. ಕಟರ್ ನಿಂತ ಮೇಲೂ ಸಣ್ಣ ಧೂಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತಿರುತ್ತದೆ. ಒಣ ಪೊರಕೆ ಹಿಡಿಯದೆ ನೀರು ಚಿಮುಕಿಸಿ ಗುಡಿಸಿ. ಕೆಲಸದ ಬಟ್ಟೆಯನ್ನು ಹೊರಗೇ ಬಿಚ್ಚಿಟ್ಟು ಬೇರೆಯಾಗಿ ಒಗೆಯಿರಿ, ಕೊಡವಬೇಡಿ.

ಈಗ ಮುಖ್ಯ ವಿಷಯ. ಮೆಟ್ಟಿಲು ಹತ್ತಿದರೆ ಏದುಸಿರು, ಬಿಡದ ಒಣಕೆಮ್ಮು, ತೂಕ ಇಳಿಯುವುದು. ಎಕ್ಸ್‌ರೇ ನೋಡಿದವರು ಟಿಬಿ ಅನ್ನಬಹುದು, ಎರಡೂ ಎಕ್ಸ್‌ರೇಯಲ್ಲಿ ಹೋಲುತ್ತವೆ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ತಗಲುವ ಅಪಾಯವೂ ಹೆಚ್ಚು, ಎರಡೂ ಒಟ್ಟಿಗೆ ಇರಬಹುದು. ಹಾಗಾಗಿ ಕಫ ಪರೀಕ್ಷೆ ಮಾಡಿಸಿ, ಟಿಬಿ ಗುಳಿಗೆ ಕೊಟ್ಟಿದ್ದರೆ ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ. ಆದರೆ ಕೆಲಸ ಏನೆಂದು ಡಾಕ್ಟರಿಗೆ ಹೇಳಲೇಬೇಕು. ಮರಾಠಿ ಬರದಿದ್ದರೆ ಇಷ್ಟು ಕಲಿತುಕೊಳ್ಳಿ: "ಮೀ ಭಿಂತೀ ಕಾಪಾಯ್‌ಚಂ ಕಾಮ್ ಕರತೋ, ಧೂಳ್ ನಾಕಾತೋಂಡಾತ್ ಜಾತೇ." ಗೋಡೆ ಕೊರೆಯುವ ಕೆಲಸ ಮಾಡುತ್ತೇನೆ, ಧೂಳು ಮೂಗು ಬಾಯಿಗೆ ಹೋಗುತ್ತದೆ ಎಂದರ್ಥ. ಹೆಣ್ಣುಮಕ್ಕಳು "ಕರತೇ" ಅನ್ನಬೇಕು. ಎಷ್ಟು ವರ್ಷದಿಂದ ಎಂಬುದನ್ನೂ ಸೇರಿಸಿ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ಕಟ್ಟಡ ಕಾರ್ಮಿಕರ ಸಾಲಿನಲ್ಲಿ ವೈರಿಂಗ್ ಕೆಲಸದವರೂ ಬರುತ್ತಾರೆ. ವಯಸ್ಸು 18ರಿಂದ 60ರೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ಮಹಾರಾಷ್ಟ್ರದ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಊರು ಕರ್ನಾಟಕ ಎನ್ನುವುದು ಅಡ್ಡಿಯಲ್ಲ. 90 ದಿನದ ಪ್ರಮಾಣಪತ್ರವನ್ನು ಕೆಲಸ ಮುಗಿಯುವ ಮುಂಚೆಯೇ ಗುತ್ತಿಗೆದಾರರಿಂದ ಕೇಳಿ ಪಡೆಯಿರಿ, ಸೈಟ್ ಬದಲಾದ ಮೇಲೆ ಅವರು ಫೋನ್ ಎತ್ತುವುದು ಕಷ್ಟ.

ಓದಲು ಬಾರದವರಿಗೆ ಇದನ್ನು ಓದಿ ಹೇಳಿ, ನಿಮ್ಮ ಮೇಸ್ತ್ರಿಗೂ ಕಳಿಸಿ.