ಕಾಶಾನಿನ ಹೊಂಬಣ್ಣದ ಹೆಂಚು

ಪಾರಸಿ ಭಾಷೆಯಲ್ಲಿ ಮೆರುಗೆಣ್ಣೆಯಂತೆ ಹೊಳೆಯುವ ಗೋಡೆಹೆಂಚಿಗೆ ‘ಕಾಶಿ’ ಎಂದು ಹೆಸರು. ನಮ್ಮ ಕಾಶೀಕ್ಷೇತ್ರಕ್ಕೂ ಈ ಶಬ್ದಕ್ಕೂ ಸಂಬಂಧವಿಲ್ಲ. ಮಧ್ಯ ಇರಾನಿನ ಮರುಭೂಮಿಯ ಅಂಚಿನಲ್ಲಿರುವ ಕಾಶಾನ್ ಪಟ್ಟಣದಿಂದ ಅದು ಹುಟ್ಟಿತು. ಊರಿನ ಹೆಸರೇ ವಸ್ತುವಿನ ಹೆಸರಾಗಬೇಕಾದರೆ ಆ ಊರಿನ ಕುಶಲತೆ ಎಷ್ಟರದಾಗಿರಬೇಕೆಂಬುದನ್ನು ವಾಚಕರು ಊಹಿಸಬಹುದು.

13ನೆಯ ಶತಮಾನದ ಕಾಶಾನಿನಲ್ಲಿ ಅಬೂ ತಾಹಿರನ ವಂಶದವರು ಈ ಕಸುಬಿನಲ್ಲಿ ಅಗ್ರಗಣ್ಯರು. ಮುಹಮ್ಮದ್, ಅವನ ಮಗ ಅಲಿ, ಅಲಿಯ ಮಗ ಯೂಸುಫ್—ಇವರು ತಮ್ಮ ಕೃತಿಗಳ ಮೇಲೆ ಪಿತೃನಾಮಸಹಿತವಾಗಿ ಅಂಕಿತ ಹಾಕಿದ್ದಾರೆ. ಯೂಸುಫನ ಸೋದರ ಅಬುಲ್ ಕಾಸಿಮನಾದರೋ ಕುಲುಮೆಯನ್ನು ಬಿಟ್ಟು ಲೇಖನಿಯನ್ನು ಹಿಡಿದನು. ಇಲ್‌ಖಾನ್ ಅರಸ ಓಲ್ಜೈತುವಿನ ಆಳ್ವಿಕೆಯ ಚರಿತ್ರೆಯನ್ನು ಬರೆದನು. ರತ್ನ, ಖನಿಜ, ಸುಗಂಧಗಳನ್ನು ಕುರಿತ 1301ರ ತನ್ನ ಗ್ರಂಥದ ಕೊನೆಯಲ್ಲಿ ಅವನು ಮನೆತನದ ವಿದ್ಯೆಗೆ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಇಂದು ನಾವು ಈ ಕಸುಬಿನ ಒಳಗುಟ್ಟನ್ನು ಬಲ್ಲೆವಾದರೆ ಅದು ಬಹುಮಟ್ಟಿಗೆ ಆ ಅಧ್ಯಾಯದ ಉಪಕಾರ.

ಅವನು ಹೇಳುವ ಕ್ರಮ ಇದು. ಪುಡಿಮಾಡಿದ ಬೆಣಚುಕಲ್ಲು 10 ಪಾಲು, ಗಾಜಿನ ಪುಡಿ 1 ಪಾಲು, ಬಿಳಿಯ ಜೇಡಿ 1 ಪಾಲು ಸೇರಿಸಿ ಕಲಸಬೇಕು. ಅಂದರೆ ಇದು ಹೆಸರಿಗೆ ಮಣ್ಣಿನ ಕೆಲಸ, ವಾಸ್ತವವಾಗಿ ಕಲ್ಲಿನ ಕೆಲಸ. ನೀಲಿಗೆ ಬೇಕಾದ ಕೋಬಾಲ್ಟ್ ಅದಿರು ಸಮೀಪದ ಕಮ್ಸರ್ ಗ್ರಾಮದಲ್ಲಿ ದೊರೆಯುತ್ತಿತ್ತು. ಮೊದಲನೆಯ ಸುಡುವಿಕೆಯಲ್ಲಿ ಮೆರುಗು ಗಟ್ಟಿಗೊಂಡ ಮೇಲೆ ಬೆಳ್ಳಿ ತಾಮ್ರಗಳ ಮಿಶ್ರಣದಿಂದ ಚಿತ್ರಿಸಿ, ಎರಡನೆಯ ಸಲ 72 ಗಂಟೆಗಳ ಕಾಲ ಮಂದವಾದ ಹೊಗೆಯಲ್ಲಿ ಇಡಬೇಕು. ಗಾಳಿ ಸಾಲದ ಆ ಹೊಗೆಯಲ್ಲಿ ಲೋಹವು ತೆಳುಪೊರೆಯಾಗಿ ಮೆರುಗಿಗೆ ಅಂಟುತ್ತದೆ. ಆರಿದ ಬಳಿಕ ಒದ್ದೆಮಣ್ಣಿನಿಂದ ಉಜ್ಜಿದರೆ ಚಿನ್ನದ ಕಾಂತಿ ಹೊರಬೀಳುತ್ತದೆ.

ಆದರೆ ಹೊಗೆ ಎಷ್ಟು ಮಂದವಾಗಿರಬೇಕೆಂಬುದನ್ನು ಲೇಖನಿ ತಿಳಿಸಲಾರದು. ಅದನ್ನು ಕಣ್ಣು ಕಣ್ಣಿನಿಂದ ಕಲಿಯಬೇಕು. ಯೂಸುಫನ ಅಂಕಿತವುಳ್ಳ 1334ರ ಮಿಹ್ರಾಬೊಂದು ಈಗ ತೆಹರಾನಿನ ವಸ್ತುಸಂಗ್ರಹಾಲಯದಲ್ಲಿದೆ. ಆ ಶತಮಾನದ ಮಧ್ಯಭಾಗದ ವೇಳೆಗೆ ಕಾಶಾನಿನ ಹೊಂಬಣ್ಣದ ಹೆಂಚಿನ ಕೆಲಸ ಕ್ಷೀಣಿಸಿತು. ಪಾಠ ಉಳಿಯಿತು, ಕೈ ಉಳಿಯಲಿಲ್ಲ.

ಕೃತಿಗಳ ಗತಿಯೂ ವಿಚಾರಾರ್ಹವಾದುದು. ತಂದೆ ಅಲಿ 1265ರಲ್ಲಿ ವರಾಮಿನ್ ಪಟ್ಟಣದ ಇಮಾಮ್‌ಜಾದಾ ಯಾಹ್ಯಾ ಎಂಬ ಗೋರಿಮಂದಿರಕ್ಕೆ ಮಿಹ್ರಾಬನ್ನು ರಚಿಸಿದನು. ಪ್ರಾರ್ಥಿಸುವವನಿಗೆ ಮಕ್ಕಾದ ದಿಕ್ಕನ್ನು ತೋರುವುದೇ ಮಿಹ್ರಾಬಿನ ಕೆಲಸ. ಗೋಡೆಯಿಂದ ಕಳಚಲ್ಪಟ್ಟು, ವ್ಯಾಪಾರಿಗಳ ಕೈಸೇರಿ, 1940ರಲ್ಲಿ ಅಮೆರಿಕದ ಡೋರಿಸ್ ಡ್ಯೂಕ್ ಅವರಿಗೆ ವಿಕ್ರಯವಾದ ಅದು ಈಗ ಹವಾಯಿಯ ಹೊನೊಲುಲುವಿನಲ್ಲಿದೆ. ಅದೇ ಮಂದಿರದ ನಕ್ಷತ್ರಾಕಾರದ ಹೆಂಚುಗಳು ಅನೇಕ ದೇಶಗಳ ಸಂಗ್ರಹಾಲಯಗಳಲ್ಲಿ ಚದರಿವೆ. ಅಲ್ಲಿ ಅವು ಸುರಕ್ಷಿತವಾಗಿವೆ, ನಿಜ. ಆದರೆ ದಿಕ್ಕು ತೋರುವ ಕೆಲಸ ನಿಂತುಹೋಯಿತು.

ನಮ್ಮ ಬೀದರಿನಲ್ಲಿ, ಇರಾನಿನ ಗೀಲಾನಿನಿಂದ ಬಂದ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸೆಯ ಗೋಡೆಗಳ ಮೇಲೆ ಪಾರಸಿಕ ಸಂಪ್ರದಾಯದ ಬಣ್ಣದ ಹೆಂಚುಗಳು ಅಲ್ಲಲ್ಲಿ ಉಳಿದಿವೆ. ಅವು ಹೊಂಬಣ್ಣದವಲ್ಲ; ಆದರೂ ಇದ್ದ ಗೋಡೆಯಲ್ಲೇ ಇವೆ, ಅದೇ ಅವುಗಳ ಭಾಗ್ಯ. ಕುಲಕಸುಬನ್ನು ಬಿಟ್ಟು ಲೇಖನಿ ಹಿಡಿದು ಪರಸ್ಥಳಗಳಿಗೆ ಬಂದ ನಮ್ಮಂಥವರು ಅಬುಲ್ ಕಾಸಿಮನನ್ನು ನೆನೆಯುವುದು ಉಚಿತ. ಮನೆಯ ಹಿರಿಯರ ಕೈಕೆಲಸವನ್ನು ಅಳತೆ ಪ್ರಮಾಣಗಳೊಡನೆ ಬರೆದಿಡುವುದು ನಮ್ಮಿಂದ ಆಗತಕ್ಕ ಕೆಲಸ; ಕೈಯನ್ನು ಉಳಿಸಲಾರದಿದ್ದರೂ ಪಾಠವನ್ನಾದರೂ ಅದು ಉಳಿಸೀತು.